ರೌಂಡಬೌಟ್ ನಕ್ಷೆಗೆ ಸಹಿ ಹಾಕುವ ಮುಂಚೆ ಒಂದು ಪೆನ್ಸಿಲ್ ಗೆರೆ ಎಳೆಯಿರಿ

ರಸ್ತೆ ವಿನ್ಯಾಸ ಮಾಡುವ ಎಂಜಿನಿಯರ್‌ಗಳಿಗೆ, ಆ ನಕ್ಷೆಗಳಿಗೆ ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಎಂಜಿನಿಯರ್ ಅಲ್ಲ. ದಿನಾ ಎರಡು ಸಲ ಒಂದು ರೌಂಡಬೌಟನ್ನು ನಡೆದು ದಾಟುವವನು. ಕೆಲವು ವರ್ಷಗಳಿಂದ ರೌಂಡಬೌಟ್ ವಿನ್ಯಾಸದ ಕೈಪಿಡಿಗಳನ್ನು ಹುಡುಕಿ ಓದುತ್ತಾ ಬಂದಿದ್ದೇನೆ. ಅದು ಶುರುವಾಗಿದ್ದು ಒಂದು ಬೆಳಿಗ್ಗೆಯಿಂದ.

ಅವತ್ತು ಸಣ್ಣಗೆ ಮಳೆ ಹನಿಯುತ್ತಿತ್ತು. ರೌಂಡಬೌಟಿನಿಂದ ಗಾಡಿಗಳು ಹೊರಗೆ ಬರುವ ಕಡೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಒಂದು ಹೆಜ್ಜೆ ರಸ್ತೆಗೆ ಇಟ್ಟರು, ಹಿಂದಕ್ಕೆ ತೆಗೆದರು. ಮತ್ತೆ ಇಟ್ಟರು, ಮತ್ತೆ ತೆಗೆದರು. ಮೂರನೇ ಸಲ ಇಟ್ಟಾಗ ಒಂದು ಕಾರು ಬಂತು. ಬ್ರೇಕ್ ಲೈಟ್ ಹತ್ತಲೇ ಇಲ್ಲ. ಚಕ್ರದ ನೀರು ಹುಡುಗನ ಸ್ಕೂಲ್ ಬ್ಯಾಗಿಗೆ ಹಾರಿತು. ಅಜ್ಜಿ ಅವನನ್ನು ಎಳೆದುಕೊಂಡ ರಭಸಕ್ಕೆ ಅವನ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು.

ನನಗೆ ಮೊದಲು ಆ ಡ್ರೈವರ್ ಮೇಲೆ ಸಿಟ್ಟು ಬಂತು. ಆದರೆ ಅಲ್ಲೇ ಅರ್ಧ ಗಂಟೆ ನಿಂತು ನೋಡಿದೆ. ಬಂದ ಬಂದ ಗಾಡಿಯೆಲ್ಲ ಅದೇ ವೇಗದಲ್ಲಿ, ಅದೇ ದಾರಿಯಲ್ಲಿ ಹೋಯಿತು. ಇಷ್ಟೊಂದು ಜನ ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡಬೇಕಾದರೆ ಆ ಜಾಗವನ್ನೂ ಒಂದು ಸಲ ನೋಡಬೇಕಲ್ವಾ? ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಒಳಗೆ ಬರುವ ಲೇನಿನ ಅಂಚಿನಲ್ಲಿ ನಿಂತು ಕಣ್ಣು ಹಾಯಿಸಿದೆ. ಈ ಕಡೆಯ ಪ್ರವೇಶದಿಂದ ಆ ಕಡೆಯ ನಿರ್ಗಮನದವರೆಗೆ ಒಂದು ಹಗ್ಗ ಬಿಗಿದು ಕಟ್ಟಿದ್ದರೆ ನಡುವಿನ ಕಟ್ಟೆಗೆ ಬರೀ ಸೋಕುತ್ತಿತ್ತು, ಅಷ್ಟೇ. ಹೂವು, ಹುಲ್ಲು, ದೀಪದ ಕಂಬ ಎಲ್ಲ ಇತ್ತು. ಗಾಡಿ ತಿರುಗಲೇಬೇಕು ಅನ್ನುವ ಒಂದು ಕಾರಣ ಮಾತ್ರ ಇರಲಿಲ್ಲ.

ಅದಕ್ಕೇ ಈ ಪತ್ರ. ರೌಂಡಬೌಟಿನಲ್ಲಿ ವೇಗ ಎಷ್ಟಿರಬೇಕು ಅಂತ ಡ್ರೈವರ್ ಬರುವ ಮುಂಚೆಯೇ ನಕ್ಷೆ ತೀರ್ಮಾನ ಮಾಡಿರುತ್ತದೆ. ಆ ನಕ್ಷೆ ನಿಮ್ಮ ಮೇಜಿನ ಮೇಲೆ ಇರುತ್ತದೆ.

ಮೊದಲಿಗೆ ಒಂದು ಹಳೆಯ ಗೊಂದಲ. ನಾಲ್ಕು ರಸ್ತೆ ಸೇರುವ ಕಡೆ ನಡುವೆ ಒಂದು ಗುಂಡನೆ ಕಟ್ಟೆ ಕಂಡರೆ ನಾವು ಸರ್ಕಲ್ ಅಂತೀವಿ. ಅವೆಲ್ಲ ರೌಂಡಬೌಟ್ ಅಲ್ಲ. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ ಗಾಡಿಗಳು ಒಂದೇ ದಿಕ್ಕಿನಲ್ಲಿ ಸುತ್ತಲು ಶುರು ಮಾಡಿದ್ದು 1905ರಲ್ಲಿ, ಪ್ಯಾರಿಸ್ಸಿನ ಎತ್ವಾಲ್ ಚೌಕದಲ್ಲಿ 1907ರಲ್ಲಿ. ಆಮೇಲೆ ಬಂದ ಸರ್ಕಲ್‌ಗಳನ್ನು ದೊಡ್ಡದಾಗಿ ಕಟ್ಟಿದರು. ಗಾಡಿಗಳು ವೇಗ ಇಳಿಸದೆ ಒಳಗೆ ನುಗ್ಗಿ, ಒಂದರೊಳಗೊಂದು ಹೆಣೆದುಕೊಂಡು, ಹೊರಗೆ ಹೋಗಲಿ ಅನ್ನುವ ಲೆಕ್ಕ. ಎಷ್ಟೋ ಕಡೆ ಒಳಗೆ ಬರುವವರಿಗೇ ಮೊದಲ ಹಕ್ಕು ಇತ್ತು. ಟ್ರಾಫಿಕ್ ಜಾಸ್ತಿಯಾದಾಗ ಒಳಗಿದ್ದವರು ಹೊರಗೆ ಹೋಗಲಾಗದೆ ಇಡೀ ಸರ್ಕಲ್ಲೇ ಕಟ್ಟಿಕೊಂಡು ನಿಲ್ಲುತ್ತಿತ್ತು. ಟ್ರಾಫಿಕ್ ಕಡಿಮೆ ಇದ್ದಾಗ ಜೋರಾಗಿ ಡಿಕ್ಕಿ ಹೊಡೆಯುತ್ತಿದ್ದವು.

1966ರಲ್ಲಿ ಬ್ರಿಟನ್ ಒಂದು ನಿಯಮ ತಂದಿತು: ಒಳಗೆ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು, ಬರುವವರು ಕಾಯಬೇಕು. ಅಲ್ಲಿ ಎಡಬದಿಯ ಸಂಚಾರ ಇರುವುದರಿಂದ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು ಅಂತಾಯಿತು. ಇದರ ಹಿಂದೆ ಎಂಜಿನಿಯರ್ ಫ್ರಾಂಕ್ ಬ್ಲ್ಯಾಕ್‌ಮೋರ್ ಅವರ ಕೆಲಸ ಬಹಳ ಇದೆ. ನಿಯಮ ಒಂದು ಸಾಲಿನದು, ಆದರೆ ಅದರಿಂದ ಆಕಾರವೇ ಬದಲಾಯಿತು. ಬರುವವರು ಕಾಯಬೇಕು ಅಂದಮೇಲೆ ದೊಡ್ಡ ಸರ್ಕಲ್ ಯಾಕೆ ಬೇಕು? ಕಾಯಲು ರೆಡಿಯಾಗಿ ಬರುವ ಹಾಗೆ ಪ್ರವೇಶವನ್ನು ಬಾಗಿಸಿದರೆ ಸಾಕು. ನಿಧಾನ, ಚಿಕ್ಕದು, ಬಾಗಿದ್ದು: ಈಗ ನಾವು ರೌಂಡಬೌಟ್ ಅನ್ನುವುದು ಇದನ್ನು.

ಇದು ಎಷ್ಟು ಜೀವ ಉಳಿಸುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ಆದರೂ ಈ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ನಾಲ್ಕು ರಸ್ತೆ ಸೇರುವ ಸಾಮಾನ್ಯ ಜಂಕ್ಷನ್ನಿನಲ್ಲಿ ಗಾಡಿಗಳ ದಾರಿಗಳು ಸೇರುವ, ಬೇರೆಯಾಗುವ, ಅಡ್ಡ ಬರುವ ಜಾಗಗಳು ಒಟ್ಟು 32. ಒಂದೇ ಲೇನಿನ ರೌಂಡಬೌಟಿನಲ್ಲಿ ಅದು 8. ಅಮೆರಿಕದಲ್ಲಿ ಸಿಗ್ನಲ್ ಅಥವಾ ಸ್ಟಾಪ್ ಬೋರ್ಡ್ ಇದ್ದ 20ಕ್ಕೂ ಜಾಸ್ತಿ ಜಂಕ್ಷನ್‌ಗಳನ್ನು ರೌಂಡಬೌಟ್ ಮಾಡಿದ ಮೇಲೆ ಅಧ್ಯಯನ ಮಾಡಿ ನೋಡಿದರು. ಒಟ್ಟು ಅಪಘಾತ ಶೇ. 40ರ ಹತ್ತಿರ ಇಳಿದಿತ್ತು. ಜನರಿಗೆ ಗಾಯವಾಗುವ ಅಪಘಾತ ಮುಕ್ಕಾಲು ಭಾಗ ಇಳಿದಿತ್ತು. ಸಾವು ಮತ್ತು ತೀವ್ರ ಗಾಯದ ಅಪಘಾತಗಳು ಸುಮಾರು ಶೇ. 90ರಷ್ಟು ಕಡಿಮೆಯಾಗಿದ್ದವು. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡಿಕ್ಕಿಗಳು ಪೂರ್ತಿ ನಿಂತಿಲ್ಲ. ಆದರೆ ಆದ ಡಿಕ್ಕಿಗಳು ಮೆತ್ತಗಾಗಿವೆ. ಗಾಡಿಗಳು ಎದುರುಬದುರು ಅಥವಾ ನೇರ ಪಕ್ಕೆಗೆ ಗುದ್ದುವ ಬದಲು ಓರೆಯಾಗಿ ಸವರಿಕೊಂಡು ಹೋಗುತ್ತವೆ, ಅದೂ ಕಡಿಮೆ ವೇಗದಲ್ಲಿ. ಆ ಕಡಿಮೆ ವೇಗವನ್ನು ತೆಗೆದುಬಿಟ್ಟರೆ ಆಮೇಲೆ ಉಳಿಯುವುದು ನಾನು ದಿನಾ ದಾಟುವಂಥ ಜಾಗ.

ವೇಗದ ವಿಷಯದಲ್ಲಿ ನಮ್ಮ ಅಂದಾಜು ಬಹಳ ತಪ್ಪುತ್ತದೆ. 30ಕ್ಕೂ 50ಕ್ಕೂ ಏನು ಮಹಾ ವ್ಯತ್ಯಾಸ ಅಂತ ಅನ್ನಿಸುತ್ತದೆ. ಒಂದು ಲೆಕ್ಕ ಮಾಡೋಣ. ಮಗು ರಸ್ತೆಗೆ ಬಂದಿದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ ಹನ್ನೆರಡೂವರೆ ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇನ್ನೊಂದು 5 ಮೀಟರಿಗೆ ನಿಲ್ಲುತ್ತದೆ. ಒಟ್ಟು 18 ಮೀಟರಿನೊಳಗೆ ಗಾಡಿ ಪೂರ್ತಿ ನಿಂತಾಯಿತು. 50ರ ಗಾಡಿ ಅದೇ ಒಂದೂವರೆ ಸೆಕೆಂಡಿನಲ್ಲಿ ಸುಮಾರು 21 ಮೀಟರ್ ಹೋಗಿರುತ್ತದೆ. ಅಂದರೆ ಮೊದಲ ಗಾಡಿ ನಿಂತ ಜಾಗವನ್ನು ದಾಟುವಾಗ ಎರಡನೇ ಗಾಡಿಯ ವೇಗ ಇನ್ನೂ 50ರಲ್ಲೇ ಇರುತ್ತದೆ, ಬ್ರೇಕ್ ಹಿಡಿಯಲು ಶುರುವೇ ಆಗಿರುವುದಿಲ್ಲ. 18 ಮೀಟರ್ ದೂರದಲ್ಲಿ ಆ ಅಜ್ಜಿ ನಿಂತಿದ್ದರೆ ಮೊದಲನೆಯವನು ಕಿಟಕಿ ಇಳಿಸಿ "ಹೋಗಿ ಅಜ್ಜಿ" ಅನ್ನುತ್ತಾನೆ. ಎರಡನೆಯವನು ಬದುಕಿಡೀ ಆ ಕ್ಷಣವನ್ನು ಹೊತ್ತುಕೊಂಡು ತಿರುಗುತ್ತಾನೆ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ಪೆನ್ಸಿಲ್ ಗೆರೆಗೆ ಬರುತ್ತೇನೆ. ಇದು ನನ್ನ ಕಲ್ಪನೆ ಅಲ್ಲ, ನಿಮ್ಮದೇ ಕೈಪಿಡಿಗಳಲ್ಲಿರುವ ವಿಧಾನ. ಅತಿ ವೇಗದ ದಾರಿ ಅಂತ ಇದಕ್ಕೆ ಹೆಸರು. ರಸ್ತೆಯಲ್ಲಿ ಬೇರೆ ಒಂದು ಗಾಡಿಯೂ ಇಲ್ಲ, ಲೇನ್ ಪಟ್ಟಿಗಳನ್ನು ಡ್ರೈವರ್ ಲೆಕ್ಕಿಸುವುದಿಲ್ಲ ಅಂತ ಇಟ್ಟುಕೊಳ್ಳಬೇಕು. ಎರಡು ಮೀಟರ್ ಅಗಲದ ಒಂದು ಕಾರು ಆದಷ್ಟೂ ನೇರವಾಗಿ ಹೇಗೆ ತೂರಿಕೊಂಡು ಹೋದೀತು ಅಂತ ಗೆರೆ ಎಳೆಯಬೇಕು. ಕಾರಿನ ನಡುಗೆರೆ ರಸ್ತೆ ಅಂಚಿನ ಕರ್ಬ್ ಕಲ್ಲಿನಿಂದ ಒಂದೂವರೆ ಮೀಟರ್ ದೂರ ಇರಬೇಕು, ಬರೀ ಬಣ್ಣದ ಪಟ್ಟಿಯಾದರೆ ಒಂದು ಮೀಟರ್ ಸಾಕು. ಪ್ರವೇಶಕ್ಕೆ 50 ಮೀಟರ್ ಹಿಂದಿನಿಂದಲೇ ಶುರು ಮಾಡಬೇಕು. ಕಂಪ್ಯೂಟರಿನಲ್ಲಿ ಮಾಡಬಹುದು. ಆದರೆ ಕೈಯಲ್ಲಿ ಎಳೆದರೆ ಡ್ರೈವರ್ ಸ್ಟೇರಿಂಗ್ ತಿರುಗಿಸುವ ಹಾಗೇ ಗೆರೆ ಮೆಲ್ಲಗೆ ಬಾಗುತ್ತದೆ. ನಾನು ನೆಲದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿ ಹರಡಿ, ಅಳತೆಗೆ ಸರಿಯಾಗಿ ನಮ್ಮ ರೌಂಡಬೌಟ್ ಬರೆದು, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಆ ಗೆರೆ ಎಳೆದೆ. ಕೈ ತಿರುಗಲೇ ಇಲ್ಲ. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಒಂಥರಾ ಆಯಿತು.

ಆ ಗೆರೆಯ ಬಾಗುವಿಕೆಯ ತ್ರಿಜ್ಯವೇ ವೇಗವನ್ನು ಹೇಳುತ್ತದೆ. ಒಳಗೆ ಬರುವ ಬಾಗಿನ ತ್ರಿಜ್ಯ 25 ಮೀಟರಿನ ಹತ್ತಿರ ಇದ್ದರೆ ಗಾಡಿ ಸುಮಾರು 30 ಕಿ.ಮೀ. ವೇಗದಲ್ಲಿ ಬರುತ್ತದೆ. 55 ಮೀಟರ್ ಆದರೆ ಸುಮಾರು 40. ನೂರು ಮೀಟರ್ ಆದರೆ 50 ದಾಟುತ್ತದೆ. ಅಮೆರಿಕದ ಮಾರ್ಗದರ್ಶಿ ಒಂದೇ ಲೇನಿನ ರೌಂಡಬೌಟಿಗೆ ಗಂಟೆಗೆ 40 ಕಿ.ಮೀ., ಚಿಕ್ಕ ಮಿನಿ ರೌಂಡಬೌಟಿಗೆ 30 ಕಿ.ಮೀ. ಪ್ರವೇಶ ವೇಗ ಇಟ್ಟುಕೊಳ್ಳಿ ಅನ್ನುತ್ತದೆ. ಜನ ನಡೆದು ದಾಟುವ ಕಡೆ ನನ್ನ ಕೇಳಿದರೆ 30 ಅಂತಲೇ ಹೇಳುತ್ತೇನೆ. ಇನ್ನೊಂದು ಮಾತು. ಈ ಲೆಕ್ಕ ಎರಡು ಮೀಟರ್ ಅಗಲದ ಕಾರಿಗೆ ಹಾಕಿದ್ದು. ಬೈಕಿಗೆ ಅದರ ಅರ್ಧ ಅಗಲವೂ ಬೇಡ, ಆದ್ದರಿಂದ ಅದರ ಗೆರೆ ಇನ್ನೂ ನೇರವಾಗಿರುತ್ತದೆ. ದ್ವಿಚಕ್ರ ವಾಹನ ಜಾಸ್ತಿ ಇರುವ ಕಡೆ ಆ ಗೆರೆಯನ್ನೂ ದಯವಿಟ್ಟು ಎಳೆದು ನೋಡಿ.

ವೇಗದಷ್ಟೇ ಮುಖ್ಯವಾದದ್ದು ವೇಗಗಳ ನಡುವಿನ ಅಂತರ. ಒಳಗೆ ಬರುವವನು 50, ಒಳಗೆ ಸುತ್ತುತ್ತಿರುವವನು 20 ಇದ್ದರೆ ದಾರಿ ಬಿಡಲು ಇಬ್ಬರಿಗೂ ಪುರುಸೊತ್ತು ಸಿಗುವುದಿಲ್ಲ. ಒಬ್ಬರಿಗೊಬ್ಬರು ಅಡ್ಡ ಬರುವ ಗಾಡಿಗಳ ವೇಗದ ವ್ಯತ್ಯಾಸ 20 ಕಿ.ಮೀ. ಒಳಗಿರಬೇಕು. ಸೈಕಲ್‌ನವರು ಗಾಡಿಗಳ ಜೊತೆಗೇ ಸುತ್ತಬೇಕಾದ ಕಡೆಯಂತೂ ಇದು ಜೀವದ ಪ್ರಶ್ನೆ.

ನಾನು ಬಹಳ ಸಲ ಕೇಳಿದ ಒಂದು ಮಾತಿದೆ: "ಜಾಗ ಇದೆಯಲ್ಲ, ದೊಡ್ಡದಾಗಿ ಮಾಡಿಬಿಡೋಣ, ಸೇಫ್ ಆಗಿರುತ್ತೆ." ದೊಡ್ಡದಾದರೆ ಸುತ್ತು ಸಡಿಲವಾಗುತ್ತದೆ, ವೇಗ ಏರುತ್ತದೆ. ಚಿಕ್ಕದು ಮಾಡಿ ಪ್ರವೇಶವನ್ನು ನೇರವಾಗಿ ಬಿಟ್ಟರೂ ಕೆಲಸ ಕೆಟ್ಟಿತು. ಗಾಡಿ ಒಳಗೆ ಬರುವ ಮುಂಚೆ ಬಾಗಲೇಬೇಕು. ಬರುವ ಮತ್ತು ಹೋಗುವ ಲೇನುಗಳನ್ನು ಬೇರೆ ಮಾಡುವ ತ್ರಿಕೋನದ ಕಟ್ಟೆ ಆ ಕೆಲಸ ಮಾಡುತ್ತದೆ. ನಾವು ಅದನ್ನು ನಡುವಿನ ಕಟ್ಟೆಯ ಪಕ್ಕದ ಒಂದು ಅಲಂಕಾರ ಅಂದುಕೊಂಡಿದ್ದೇವೆ. ಎಷ್ಟೋ ಕಡೆ ಅದು ಬರೀ ಬಿಳಿ ಬಣ್ಣದ ಗೀಟುಗಳಾಗಿ ನೆಲದ ಮೇಲೆ ಮಲಗಿರುತ್ತದೆ. ಬಣ್ಣಕ್ಕೆ ಟೈರ್ ಹೆದರುವುದಿಲ್ಲ. ಅದಕ್ಕೆ ಎತ್ತರದ ಕರ್ಬ್ ಕಲ್ಲು ಬೇಕು. ಜೋರಾಗಿ ಗಾಡಿ ಬರುವ ಹೆದ್ದಾರಿಗಳಲ್ಲಿ ಅದು 60 ಮೀಟರ್ ಉದ್ದ ಇರಬೇಕು, ಮುಂದೆ ಏನೋ ಬದಲಾಗುತ್ತಿದೆ ಅಂತ ದೂರದಿಂದಲೇ ಡ್ರೈವರಿಗೆ ತಿಳಿಯುವ ಹಾಗೆ.

ಹೆದ್ದಾರಿ ವಿನ್ಯಾಸ ಮಾಡಿ ರೂಢಿಯಾದವರಿಗೆ ಒಂದು ವಿಷಯ ತಲೆಕೆಳಗಾಗಿ ಕಾಣುತ್ತದೆ. ಹೆದ್ದಾರಿಯ ತಿರುವಿನಲ್ಲಿ ರಸ್ತೆಯನ್ನು ಒಳಗಡೆಗೆ ವಾಲಿಸುತ್ತೀರಿ. ವೇಗ ಕಳೆಯದೆ ಗಾಡಿ ತಿರುಗಲಿ ಅಂತ. ರೌಂಡಬೌಟಿನಲ್ಲಿ ಶೇ. 2ರಷ್ಟು ಹೊರಗಡೆಗೆ ವಾಲಿಸಬೇಕು. ಆಗ ಸುತ್ತುವಾಗ ಮೈ ಸ್ವಲ್ಪ ಹೊರಕ್ಕೆ ಎಳೆಯುತ್ತದೆ, ಕಾಲು ತಾನಾಗಿಯೇ ಆಕ್ಸಿಲರೇಟರ್ ಬಿಡುತ್ತದೆ. ಮಳೆ ನೀರು ಹೊರಗಿನ ಚರಂಡಿಗೆ ಸೇರುತ್ತದೆ. ನಡುವಿನ ಕಟ್ಟೆ ಎತ್ತರದಲ್ಲಿ ನಿಂತು ದೂರದಿಂದಲೇ ಕಾಣುತ್ತದೆ. ಒಂದು ವಾಲಿನಿಂದ ಮೂರು ಕೆಲಸ. ಇದು ನನಗೆ ಬಹಳ ಇಷ್ಟವಾದ ವಿಷಯ, ಅದಕ್ಕೇ ಇಷ್ಟು ಹೇಳಿದೆ.

ಹಾಗೆಯೇ ನಡುವಿನ ಕಟ್ಟೆಯ ಮಣ್ಣನ್ನು ದಿಬ್ಬದ ಹಾಗೆ ಏರಿಸಿ. ಎದುರಿನ ರಸ್ತೆ ನೇರವಾಗಿ ಕಾಣುತ್ತಿದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ, ಗಾಡಿ ಕಣ್ಣಿನ ಹಿಂದೆ ಓಡುತ್ತದೆ. ದೂರದಿಂದಲೇ ಎಲ್ಲ ರಸ್ತೆಯೂ ಕಂಡರೆ "ಯಾರೂ ಬರ್ತಿಲ್ಲ" ಅಂತ ಡ್ರೈವರ್ ಅಲ್ಲೇ ತೀರ್ಮಾನ ಮಾಡಿಬಿಡುತ್ತಾನೆ, ಇಳಿಸಬೇಕಾದ ವೇಗವನ್ನು ಇಳಿಸುವುದಿಲ್ಲ. ಹತ್ತಿರ ಬಂದ ಮೇಲೆ ಬೇಕಾದಷ್ಟು ಕಾಣಬೇಕು, ಅದಕ್ಕಿಂತ ಜಾಸ್ತಿ ಬೇಡ. ಆ ಕಟ್ಟೆಯ ಮೇಲೆ ಬೆಂಚು ಹಾಕಿ ಜನರನ್ನು ಕರೆಯುವುದಂತೂ ಬೇಡವೇ ಬೇಡ.

"ಹಾಗಾದರೆ ಟ್ರಕ್ ಹೇಗೆ ತಿರುಗುತ್ತೆ?" ಈ ಪ್ರಶ್ನೆ ಬಂದ ಕೂಡಲೇ ಎಲ್ಲವನ್ನೂ ಅಗಲ ಮಾಡಲಾಗುತ್ತದೆ. ಯಾವಾಗಲೋ ಬರುವ ಒಂದು ಉದ್ದನೆಯ ಟ್ರೇಲರಿಗಾಗಿ ಇಡೀ ದಿನ ಓಡುವ ಕಾರುಗಳಿಗೆ ಓಟದ ಮೈದಾನ ಕೊಡುತ್ತೇವೆ. ಇದಕ್ಕೆ ಪರಿಹಾರ ಟ್ರಕ್ ಏಪ್ರನ್. ನಡುವಿನ ಕಟ್ಟೆಯ ಸುತ್ತ ಕಲ್ಲು ಹಾಸಿದ ಒಂದು ಪಟ್ಟಿ, ರಸ್ತೆಗಿಂತ 50ರಿಂದ 75 ಮಿಲಿಮೀಟರ್ ಎತ್ತರ. ಟ್ರೇಲರಿನ ಹಿಂದಿನ ಚಕ್ರ ಅದರ ಮೇಲೆ ಹತ್ತಿ ಇಳಿಯುತ್ತದೆ. ಕಾರಿನವರಿಗೆ ಹತ್ತಿದರೆ ದಡದಡ ಅನ್ನುತ್ತದೆ, ಹಾಗಾಗಿ ಹತ್ತುವುದಿಲ್ಲ. ಎತ್ತರ ಇಲ್ಲದೆ ಬರೀ ಕೆಂಪು ಬಣ್ಣ ಬಳಿದರೆ ಕಾರುಗಳು ಅದನ್ನೇ ಲೇನ್ ಮಾಡಿಕೊಳ್ಳುತ್ತವೆ, ಪೆನ್ಸಿಲ್ ಗೆರೆ ಮತ್ತೆ ನೇರವಾಗುತ್ತದೆ. ಬಸ್ಸು ಮಾತ್ರ ಏಪ್ರನ್ ಹತ್ತದೆ ಸುತ್ತುವ ಹಾಗಿರಬೇಕು, ಒಳಗೆ ನಿಂತಿರುವ ಜನ ಮುಗ್ಗರಿಸಬಾರದು.

ಅಜ್ಜಿ ನಿಂತಿದ್ದ ನಿರ್ಗಮನದ ಬದಿಯನ್ನು ಎಲ್ಲರೂ ಮರೆಯುತ್ತಾರೆ. ಒಳಗೆ ಬರುವವನು ನಿಧಾನ ಮಾಡಲು ರೆಡಿಯಾಗಿರುತ್ತಾನೆ. ಹೊರಗೆ ಹೋಗುವವನ ಮನಸ್ಸು ಆಗಲೇ ಮುಂದಿನ ರಸ್ತೆಯಲ್ಲಿರುತ್ತದೆ, ಕಾಲು ಆಕ್ಸಿಲರೇಟರ್ ಮೇಲೆ. ಗಾಡಿಗಳು ಬೇಗ ಖಾಲಿಯಾಗಲಿ ಅಂತ ನಿರ್ಗಮನವನ್ನು ಸಡಿಲ ಬಿಡುವ ಪದ್ಧತಿ ಇದೆ. ಜನ ದಾಟುವ ಕಡೆ ಇದನ್ನು ನಾನು ಒಪ್ಪುವುದಿಲ್ಲ. ಪ್ರವೇಶದ ಬಾಗು, ಸುತ್ತಿನ ಬಾಗು ಎರಡೂ ಬಿಗಿಯಾಗಿದ್ದರೆ ಹೊರಗೆ ಹೋಗುವಾಗ ವೇಗ ಏರಲು ಜಾಗವೇ ಇರುವುದಿಲ್ಲ ಅನ್ನುವುದು ನಿಜ. ಆದರೂ ಆ ಬದಿಯ ವೇಗವನ್ನು ಜೀಬ್ರಾ ಪಟ್ಟಿಯ ಹತ್ತಿರವೇ ಲೆಕ್ಕ ಹಾಕಿ ನೋಡಿ. ಜೀಬ್ರಾ ಪಟ್ಟಿಯು, ಒಳಗೆ ಬರುವ ಗಾಡಿಗಳು ಕಾಯುವ ಗೆರೆಯಿಂದ ಒಂದು ಕಾರಿನ ಉದ್ದ, ಅಂದರೆ ಸುಮಾರು 6 ಮೀಟರ್ ಹಿಂದೆ ಇರಬೇಕು. ತ್ರಿಕೋನದ ಕಟ್ಟೆಯಲ್ಲಿ ನಡುವೆ ನಿಲ್ಲಲು ಕನಿಷ್ಠ 1.8 ಮೀಟರ್ ಅಗಲ ಬೇಕು. ಆಗ ಅಜ್ಜಿಗೆ ಒಂದು ಸಲಕ್ಕೆ ಒಂದೇ ದಿಕ್ಕು ನೋಡಿದರೆ ಸಾಕು. ತಳ್ಳುಗಾಡಿ, ಗಾಲಿಕುರ್ಚಿ, ಸೈಕಲ್ ಅಲ್ಲಿ ಹಿಡಿಯಬೇಕು. ಕಣ್ಣು ಕಾಣದವರಿಗೆ ರೌಂಡಬೌಟ್ ಬಹಳ ಕಷ್ಟ, ಯಾಕೆಂದರೆ ಸುತ್ತುವ ಗಾಡಿಗಳ ಸದ್ದಿನಲ್ಲಿ ಯಾವುದು ಹೊರಗೆ ಬರುತ್ತಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ. ಅವರಿಗಾಗಿ ಜೀಬ್ರಾ ಪಟ್ಟಿಯನ್ನೇ ಎತ್ತರಿಸಿ ಕಟ್ಟಬೇಕು, ಎರಡು ಲೇನ್ ಇರುವ ಕಡೆ ಸಿಗ್ನಲ್ ಕೂಡ ಬೇಕಾಗುತ್ತದೆ.

ಎರಡು ಲೇನ್ ಅಂದೆನಲ್ಲ, ಅದು ಬೇರೆಯೇ ತಲೆನೋವು. ಹಗಲು ಎರಡೂ ಲೇನ್ ತುಂಬಿದ್ದಾಗ ಎಲ್ಲರೂ ತಮ್ಮ ಲೇನಿನಲ್ಲೇ ಸುತ್ತುತ್ತಾರೆ. ರಾತ್ರಿ ಖಾಲಿ ಇದ್ದಾಗ ಒಂದು ಲೇನಿನಿಂದ ಇನ್ನೊಂದಕ್ಕೆ ಕೊರೆದುಕೊಂಡು ನೇರವಾಗಿ ಹೋಗುತ್ತಾರೆ. ನೆದರ್ಲೆಂಡ್ಸಿನಲ್ಲಿ ಇದಕ್ಕೆ 1996ರಲ್ಲೇ ಉತ್ತರ ಹುಡುಕಿದರು. ಲ್ಯಾಂಬರ್ಟಸ್ ಫೋರ್ಟೌನ್ ಅನ್ನುವವರು ಟರ್ಬೊ ರೌಂಡಬೌಟ್ ರೂಪಿಸಿದರು. ಅಲ್ಲಿ ಲೇನುಗಳ ನಡುವೆ ಎತ್ತರದ ಪಟ್ಟಿ ಇರುತ್ತದೆ, ಬರುವ ಮುಂಚೆಯೇ ಲೇನ್ ಆರಿಸಿಕೊಳ್ಳಬೇಕು, ಒಳಗೆ ಬದಲಾಯಿಸುವಂತಿಲ್ಲ. ಆದರೆ ಅದಕ್ಕೂ ಮುಂಚೆ ಎರಡನೇ ಲೇನ್ ನಿಜವಾಗಿ ಬೇಕಾ ಅಂತ ಕೇಳಿಕೊಳ್ಳಿ. ಒಂದೇ ಲೇನಿನ ಒಳ್ಳೆಯ ರೌಂಡಬೌಟ್ ದಿನಕ್ಕೆ 20,000 ವಾಹನಗಳನ್ನು ನಿಭಾಯಿಸುತ್ತದೆ. ಇಪ್ಪತ್ತು ವರ್ಷದ ಮುಂದಿನ ಟ್ರಾಫಿಕ್ಕಿಗೆ ಅಂತ ಇವತ್ತೇ ಎರಡನೇ ಲೇನ್ ಹಾಕಿದರೆ ಇಪ್ಪತ್ತು ವರ್ಷವೂ ಅದು ಸುಮ್ನೆ ವೇಗಕ್ಕೆ ಜಾಗ ಕೊಡುತ್ತದೆ. ಜಾಗ ಬಿಟ್ಟಿಡಿ, ಕಟ್ಟಬೇಡಿ.

ನಿಧಾನ ಮಾಡಿದರೆ ಜನರ ಹೊತ್ತು ಹಾಳಾಗುತ್ತದೆ ಅಂತ ಹೇಳುವವರಿದ್ದಾರೆ. ಜಂಕ್ಷನ್ನಿನ ಸುತ್ತಮುತ್ತ 200 ಮೀಟರ್ ದೂರವನ್ನು 50ರಲ್ಲಿ ಹೋದರೆ ಹದಿನಾಲ್ಕೂವರೆ ಸೆಕೆಂಡ್. 30ರಲ್ಲಿ ಹೋದರೆ 24 ಸೆಕೆಂಡ್. ವ್ಯತ್ಯಾಸ 10 ಸೆಕೆಂಡೂ ಇಲ್ಲ. ಕೆಂಪು ಸಿಗ್ನಲ್ಲಿನಲ್ಲಿ ಇದರ ಎಷ್ಟೋ ಪಟ್ಟು ಹೊತ್ತು ಎಂಜಿನ್ ಗುರುಗುಡಿಸುತ್ತಾ ನಿಲ್ಲುತ್ತೇವೆ.

ಈಗ ನನ್ನ ಕೋರಿಕೆ.

ಹೊಸ ರೌಂಡಬೌಟಿನ ಪ್ರತಿಯೊಂದು ನಕ್ಷೆಯ ಮೇಲೂ, ಪ್ರತಿಯೊಂದು ಪ್ರವೇಶಕ್ಕೂ ನಿರ್ಗಮನಕ್ಕೂ ಆ ಗೆರೆ ಇರಲಿ. ಪಕ್ಕದಲ್ಲಿ ತ್ರಿಜ್ಯ ಮತ್ತು ವೇಗ ಬರೆದಿರಲಿ. ಅದು ಇಲ್ಲದ ನಕ್ಷೆಗೆ ಸಹಿ ಹಾಕಬೇಡಿ. ಆ ನಕ್ಷೆಯನ್ನು ಕೆಲಸ ಶುರುವಾಗುವ ಮುಂಚೆ ಜನರಿಗೆ ತೋರಿಸಿ. ನಮಗೆ ಲೆಕ್ಕ ಅರ್ಥವಾಗದಿದ್ದರೂ ಗೆರೆ ನೇರ ಇದೆಯಾ ಬಾಗಿದೆಯಾ ಅಂತ ಅರ್ಥವಾಗುತ್ತದೆ. ಕಟ್ಟಿದ ಮೇಲೆ, ಉದ್ಘಾಟನೆಯ ಗದ್ದಲ ಮುಗಿದು ಒಂದೆರಡು ತಿಂಗಳಾದ ಮೇಲೆ, ರಾತ್ರಿ ಖಾಲಿ ಹೊತ್ತಿನಲ್ಲಿ ಸ್ಪೀಡ್ ಗನ್ ಹಿಡಿದು ಅಳೆಯಿರಿ. ನಕ್ಷೆಯಲ್ಲಿ 40 ಅಂತ ಬರೆದು ರಸ್ತೆಯಲ್ಲಿ 55 ಬಂದರೆ ಗೆರೆಯನ್ನು ಇನ್ನೂ ಬಾಗಿಸಬೇಕು ಅಂತ ಅರ್ಥ.

ಈಗಾಗಲೇ ಇರುವುದನ್ನು ಕೆಡವಿ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ನಾನು ದಾಟುವ ಜಾಗದಲ್ಲಿ ತ್ರಿಕೋನದ ಕಟ್ಟೆಯನ್ನು ಸ್ವಲ್ಪ ಅಗಲ ಮಾಡಿ, ನಡುವಿನ ಕಟ್ಟೆಗೆ ಒಂದು ಏಪ್ರನ್ ಸೇರಿಸಿದರೆ ಗೆರೆ ಬಾಗುತ್ತದೆ. ನನ್ನ ಕ್ಯಾಲೆಂಡರ್ ಹಾಳೆಯ ಮೇಲೆ ಬಾಗಿದೆ. ಅದನ್ನು ನಂಬಿ ಕಾಂಕ್ರೀಟ್ ಹಾಕಬೇಕಿಲ್ಲ. ಒಂದು ವಾರ ಪ್ಲಾಸ್ಟಿಕ್ ಕೋನ್‌ಗಳನ್ನಿಟ್ಟು ನೋಡಿ. ಬಸ್ಸು ತಿರುಗುತ್ತದಾ, ಟ್ರೇಲರ್ ತಿರುಗುತ್ತದಾ, ವೇಗ ಎಷ್ಟಕ್ಕೆ ಇಳಿಯುತ್ತದೆ, ಎಲ್ಲ ಕಣ್ಣೆದುರೇ ಗೊತ್ತಾಗುತ್ತದೆ. ಗಾಡಿಗಳು ಕಡಿಮೆ ಇರುವ ಒಂದು ಬೆಳಿಗ್ಗೆ ಬನ್ನಿ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು ಬರುತ್ತೇನೆ.

ಇಂತಿ,
ದಿನಾ ನಡೆದು ದಾಟುವ ಒಬ್ಬ